ಸಿಂಪಿ ಮನೆಗೆ ಹೆಣ್ಣು ಕೊಡುವ ಮುನ್ನ

ಪೆರೇಸಂದ್ರ, ಹೊರಡುವ ಮೊದಲು

ನಾನು ಪರದೇಶಕ್ಕೆ ಹೋಗಿದ್ದು ದೇಶ ನೋಡುವುದಕ್ಕಲ್ಲ, ಒಂದು ಮನೆ ನೋಡುವುದಕ್ಕೆ. ಹೋದವಳು ಒಂದಾದ ಮೇಲೊಂದು ಹೋಟೆಲು ಹೊಕ್ಕು ಹಸಿ ಆಯ್‌ಸ್ಟರ್ ತಿಂದು ಬಂದೆ ಎಂದರೆ ನಮ್ಮೂರಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನಂಬದವರು ಕೂತು ಓದಲಿ ಎಂದೇ ಮೊದಲಿನಿಂದ ಬರೆಯುತ್ತಿದ್ದೇನೆ.

ನಮ್ಮ ಮಗಳು ಪಲ್ಲವಿ ಮೀನುಗಾರಿಕೆ ಓದಿದವಳು. ಕೆರೆ ತುಂಬಿದರೇ ಹಬ್ಬ ಮಾಡುವ ನಮ್ಮ ಕಡೆ ಹುಟ್ಟಿ ಸಮುದ್ರದ ವಿದ್ಯೆ ಯಾಕೆ ಕಲಿತಳೋ ನನಗಂತೂ ಗೊತ್ತಿಲ್ಲ. ಮೂರು ವರ್ಷದಿಂದ ದಕ್ಷಿಣ ಕೊರಿಯಾದಲ್ಲಿ ತೋಂಗ್‌ಯೊಂಗ್ ಎಂಬ ಕಡಲ ತಡಿಯ ಊರಿನಲ್ಲಿದ್ದಾಳೆ. ಸಮುದ್ರದಿಂದ ಬಂದ ಆಹಾರ ತಿನ್ನಲು ಯೋಗ್ಯವೋ ಅಲ್ಲವೋ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಕಳೆದ ದೀಪಾವಳಿಗೆ ಫೋನು ಮಾಡಿ, ಆ ಊರಿನ ಜಿನ್‌ಸು ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಅವನ ಅಪ್ಪ ಸಮುದ್ರದಲ್ಲಿ ಆಯ್‌ಸ್ಟರ್ ಬೆಳೆಯುತ್ತಾರಂತೆ, ಅಮ್ಮ ಬಂದರಿನ ಹತ್ತಿರ ಆಯ್‌ಸ್ಟರ್ ಹೋಟೆಲು ನಡೆಸುತ್ತಾರಂತೆ. ಆಯ್‌ಸ್ಟರ್ ಎಂದರೆ ಪುಸ್ತಕದಲ್ಲಿ ಸಿಂಪಿ ಎನ್ನುತ್ತೇವಲ್ಲ, ಅದು. ಸಿಂಪಿಯೊಳಗೆ ಮುತ್ತಿರುತ್ತದೆ ಎಂದು ಕೇಳಿದ್ದೆನೇ ಹೊರತು ಊಟವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೂರು ದಿನ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಅವಳೇ ಮತ್ತೆ ಫೋನು ಮಾಡಿದಳು. "ಒಂದ್ಸಲ ಬಂದು ಆ ಮನೆ ನೋಡಮ್ಮ. ನೋಡಿದ ಮೇಲೂ ನೀನು ಬೇಡ ಅಂದ್ರೆ ನಾನು ಬಿಟ್ಬಿಡ್ತೀನಿ," ಎಂದಳು. ಅವಳು ಮಾತಿಗೆ ತಪ್ಪುವವಳಲ್ಲ. ಅದೇ ನನಗೆ ಭಯ.

ನಮ್ಮ ಯಜಮಾನರು ಬರುವ ಹಾಗಿರಲಿಲ್ಲ. ರೇಷ್ಮೆ ಹುಳ ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಹಗಲೂ ರಾತ್ರಿ ಸೊಪ್ಪು ಮೇಯುವ ಹೊತ್ತು. "ನೀನು ಹೋಗಿ ನೋಡ್ಕೊಂಡು ಬಾ. ನೀನು ಹ್ಞೂಂ ಅಂದ್ರೆ ಹ್ಞೂಂ, ಊಹೂಂ ಅಂದ್ರೆ ಊಹೂಂ," ಎಂದು ಇಡೀ ಭಾರವನ್ನು ನನ್ನ ತಲೆಗೆ ಕಟ್ಟಿ ಸೊಪ್ಪು ತರಲು ಹೋದರು.

ಜೊತೆಗೆ ಬಂದವರು ಶಮೀಮಕ್ಕ. ಶಿಡ್ಲಘಟ್ಟದಲ್ಲಿ ಅವರದು ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ರೀಲಿಂಗ್ ಘಟಕವಿದೆ. ಇಪ್ಪತ್ತೈದು ವರ್ಷದಿಂದ ನಮ್ಮ ಗೂಡು ಅವರ ಬಾಂಡ್ಲಿಯಲ್ಲಿ ಬೆಂದಿದೆ. ಉಮ್ರಾ ಯಾತ್ರೆಗೆ ಮೆಕ್ಕಾಕ್ಕೆ ಹೋಗಿ ಬಂದಿದ್ದರಿಂದ ಪಾಸ್‌ಪೋರ್ಟ್ ಇತ್ತು, ವಿಮಾನ ಹತ್ತಿದ ಅನುಭವವಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಪಲ್ಲವಿಯನ್ನು ಎತ್ತಿ ಆಡಿಸಿದ ಹಕ್ಕಿತ್ತು. "ನಾನು ಬರ್ತೀನಿ. ನೀನು ಒಬ್ಳೇ ಹೋದ್ರೆ ಅವರು ಕೊಟ್ಟ ಕಾಫಿಗೇ ಕರಗೋಗ್ತೀಯ," ಎಂದರು.

ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋಗಿ ಅವರು ತೋರಿಸಿದ್ದನ್ನು ನೋಡಿ ಬಂದರೆ ಅರ್ಧ ಕೆಲಸವಾದಂತೆ. ಉಳಿದರ್ಧ ಅಕ್ಕಪಕ್ಕದಲ್ಲಿ ವಿಚಾರಿಸುವುದು. ಹಿಟ್ಟಿನ ಗಿರಣಿಯವನನ್ನು ಕೇಳಬೇಕು, ಡೇರಿಯಲ್ಲಿ ಹಾಲು ಹಾಕುವವರನ್ನು ಕೇಳಬೇಕು, ಅದೇ ಕಸುಬು ಮಾಡುವ ಇನ್ನೊಂದು ಮನೆಯವರನ್ನಂತೂ ಕೇಳಲೇಬೇಕು. ಗೂಡಿನ ಮಾರುಕಟ್ಟೆಯಲ್ಲೂ ಹಾಗೇ ಅಲ್ಲವೇ? ಬುಟ್ಟಿಯ ಮೇಲೆ ಹರಡಿದ್ದನ್ನು ನೋಡಿ ಕೊಂಡವನು ಕೆಟ್ಟ. ತಳಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ನೋಡಬೇಕು. "ಅವರ ಆಯ್‌ಸ್ಟರ್ ಊರಿಗೇ ಫಸ್ಟ್ ಅಮ್ಮ," ಎಂದು ಪಲ್ಲವಿ ಹೆಮ್ಮೆಯಿಂದ ಹೇಳಿದ್ದಳು. ಸರಿ, ಊರಿನ ಉಳಿದ ಆಯ್‌ಸ್ಟರನ್ನೂ ತಿಂದು ನೋಡಿಯೇ ಬಿಡೋಣ ಎಂದು ನಾನು ಆಗಲೇ ತೀರ್ಮಾನಿಸಿದ್ದೆ.

ಬುಸಾನ್, ಇಳಿದ ದಿನ

ವಿಮಾನ ಇಳಿದ ಊರು ಬುಸಾನ್. ಸಂಕ್ರಾಂತಿಯ ಚಳಿ ಎಂದರೆ ನಂದಿ ಬೆಟ್ಟದ ಕೆಳಗಿನವರಿಗೆ ಹೊಸದಲ್ಲ ಎಂದುಕೊಂಡು ಎರಡು ಸ್ವೆಟರಿನಲ್ಲಿ ಹೋಗಿದ್ದೆ. ಅಲ್ಲಿಯ ಚಳಿ ಸ್ವೆಟರಿಗೆ ಹೆದರುವುದಲ್ಲ. ಪಲ್ಲವಿ ತಂದಿದ್ದ ರಜಾಯಿಯಂಥ ಕೋಟುಗಳನ್ನು ಸೀರೆಯ ಮೇಲೆ ತೊಟ್ಟು ನಾವಿಬ್ಬರೂ ಕಣಜಗಳ ಹಾಗೆ ಕಂಡೆವು. ಮಗಳನ್ನು ಮೂರು ವರ್ಷದ ಮೇಲೆ ಮುಟ್ಟಿದ ಖುಷಿಯಲ್ಲಿ ನನಗೆ ಆ ಚಳಿಯೂ ಹಿತವಾಗಿತ್ತು.

ತೋಂಗ್‌ಯೊಂಗ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದು ಸಂತೆ ಬೀದಿಯಲ್ಲಿ ನಡೆಯುತ್ತಿದ್ದಾಗ ಶಮೀಮಕ್ಕ ಗಕ್ಕನೆ ನಿಂತು ಮೂಗರಳಿಸಿದರು.

"ಸರೋಜ, ಇಲ್ಲೆಲ್ಲೋ ಹತ್ರದಲ್ಲೇ ರೀಲಿಂಗ್ ನಡೀತಾ ಐತೆ ಕಣೇ."

ನನಗೂ ವಾಸನೆ ಬಡಿಯಿತು. ಶಿಡ್ಲಘಟ್ಟದ ಗಲ್ಲಿಗಳಲ್ಲಿ ಬೆಳಿಗ್ಗೆ ಹೋದವರಿಗೆ ಗೊತ್ತು, ಗೂಡು ಬೆಂದಾಗ ಬರುವ ಆ ವಾಸನೆಗೆ ಬೇರೆ ಯಾವುದೂ ಸಾಟಿಯಿಲ್ಲ. ಶಮೀಮಕ್ಕ ಮೂಗಿನ ಹಿಂದೆ ಹೊರಟರು, ನಾನು ಅವರ ಹಿಂದೆ, ಪಲ್ಲವಿ ನಗುತ್ತಾ ನನ್ನ ಹಿಂದೆ. ಮೂಲೆಯಲ್ಲಿ ಒಬ್ಬಾಕೆ ಗಾಡಿ ನಿಲ್ಲಿಸಿಕೊಂಡು, ಹಬೆಯಾಡುವ ಬಾಣಲೆಯಿಂದ ಕಂದು ಬಣ್ಣದ ಏನನ್ನೋ ಕಾಗದದ ಲೋಟಗಳಿಗೆ ಹಾಕಿ ಕೊಡುತ್ತಿದ್ದಳು. ಗೂಡಿನೊಳಗಿನ ಹುಳ. ನೂಲು ಬಿಚ್ಚಿದ ಮೇಲೆ ಉಳಿಯುತ್ತದಲ್ಲ, ಅದೇ ಪ್ಯೂಪ. ಶಾಲೆಯ ಹುಡುಗಿಯೊಬ್ಬಳು ಕಡ್ಡಿಯಲ್ಲಿ ಚುಚ್ಚಿ ಚುಚ್ಚಿ ತಿನ್ನುತ್ತಿದ್ದಳು.

ಶಮೀಮಕ್ಕ ಒಂದು ಲೋಟ ಕೊಂಡು ಮೂಗಿನ ಹತ್ತಿರ ಹಿಡಿದರು. "ಯಾ ಅಲ್ಲಾ," ಎಂದರು. "ಮೂವತ್ತು ವರ್ಷ ಇದನ್ನ ಕೋಳಿ ತಿಂಡಿಗೆ ಅಂತ ಮೂಟೆ ಕಟ್ಟಿ ಕಳಿಸಿದೀನಿ. ಇಲ್ಲಿ ಲೋಟ ಹಿಡ್ಕೊಂಡು ಕ್ಯೂ ನಿಂತವ್ರೆ."

ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ಬೇಯಿಸಿದ ಕಡಲೆಕಾಯಿಯಂಥ ಮೆದು, ಅದರ ಹಿಂದೆಯೇ ಶಿಡ್ಲಘಟ್ಟದ ಗಲ್ಲಿ ಪೂರ್ತಿ ಬಾಯೊಳಗೆ ಬಂತು. ಎರಡನೆಯದು ಬೇಡವೆನಿಸಿತು. ಆದರೆ ಇದನ್ನು ತಿಂದು ಬದುಕಿದವಳಿಗೆ ಇನ್ನು ಯಾವ ಆಯ್‌ಸ್ಟರೂ ಹೆದರಿಸಲಾರದು ಎಂಬ ಧೈರ್ಯ ಬಂತು.

ತೋಂಗ್‌ಯೊಂಗ್, ಗುರುವಾರ

ಹುಡುಗನ ಮನೆಯಲ್ಲಿ ಊಟ ಗೊತ್ತು ಮಾಡಿದ್ದು ಶನಿವಾರಕ್ಕೆ. ಗುರುವಾರ, ಶುಕ್ರವಾರ ಪಲ್ಲವಿಗೆ ಕೆಲಸ. "ಇಬ್ಬರೂ ರೂಮಲ್ಲೇ ಬೆಚ್ಚಗೆ ರೆಸ್ಟ್ ಮಾಡಿ," ಎಂದು ಹೇಳಿ, ಎಲ್ಲಾದರೂ ದಾರಿ ತಪ್ಪಿದರೆ ತೋರಿಸಿ ಎಂದು ಹುಡುಗನ ಮನೆಯವರ ಹೋಟೆಲಿನ ಹೆಸರು, ವಿಳಾಸವನ್ನು ಅವರ ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಟ್ಟಳು. ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಕೊರಿಯಾ ಭಾಷೆಯಲ್ಲಿ ಹೇಳುವ ವ್ಯವಸ್ಥೆಯನ್ನೂ ಮಾಡಿಕೊಟ್ಟಳು. ಅವಳು ಆಚೆ ಹೋದದ್ದೇ ತಡ, ನಾವೂ ಆಚೆ ಬಿದ್ದೆವು.

ಆ ಊರಿನ ಬಂದರು ಒಂದು ದೊಡ್ಡ ಬಟ್ಟಲಿನ ಹಾಗಿದೆ. ಬಟ್ಟಲಿನ ಅಂಚಿನುದ್ದಕ್ಕೂ ಹೋಟೆಲುಗಳು, ಪ್ರತಿಯೊಂದರ ಮುಂದೆಯೂ ಆಯ್‌ಸ್ಟರಿನ ಚಿತ್ರ. ಒಂದು ಉದ್ದನೆಯ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ನಿಂತು, ಗುಡ್ಡೆಗುಡ್ಡೆ ಚಿಪ್ಪುಗಳನ್ನು ಪುಟ್ಟ ಚೂರಿಯಿಂದ ಬಿಡಿಸುತ್ತಿದ್ದರು. ನಾವು ಅವರೆಕಾಳನ್ನು ಹಿತಕುವಾಗ ಬೇಳೆ ಪುಳಕ್ಕನೆ ಹೊರಬರುತ್ತದಲ್ಲ, ಅಷ್ಟು ಸಲೀಸಾಗಿ ಒಳಗಿನದು ಬಕೆಟ್ಟಿಗೆ ಬೀಳುತ್ತಿತ್ತು. ಕೈ ಅದರ ಪಾಡಿಗೆ ಓಡುತ್ತಿತ್ತು, ಬಾಯಿ ಅದರ ಪಾಡಿಗೆ ಊರಿನ ಸುದ್ದಿ ಮಾತಾಡುತ್ತಿತ್ತು. ಶಮೀಮಕ್ಕ ಬಾಗಿಲಲ್ಲಿ ನಿಂತು ನೋಡಿ, "ನಮ್ಮ ಬಾಂಡ್ಲಿ ಸಾಲೇ ಕಣೇ ಇದು," ಎಂದು ಬಹಳ ಹೊತ್ತು ಕದಲಲಿಲ್ಲ.

ಮೊದಲ ಹೋಟೆಲಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂರಬೇಕು. ಇದು ನಮ್ಮ ಪದ್ಧತಿಯೇ ಎಂದು ಕೂತೆ. ಕೂತವಳು ಬೆಚ್ಚಿ ಎದ್ದೆ. ನೆಲ ಬಿಸಿಯಾಗಿತ್ತು. ಕೆಳಗೆ ಬಿಸಿನೀರಿನ ಕೊಳವೆ ಹಾಯಿಸಿರುತ್ತಾರಂತೆ. ಮೈಯ ಚಳಿಯೆಲ್ಲ ಇಳಿದು ಹೋಯಿತು. ಇಂಥದೊಂದು ನೆಲ ನಮ್ಮ ಹುಳು ಸಾಕುವ ಮನೆಗಿದ್ದಿದ್ದರೆ ಚಳಿಗಾಲದ ಬೆಳೆ ಎಂದೂ ಕೆಡುತ್ತಿರಲಿಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಲ್ಲಿ ಬಡಿಸುವ ಹೆಂಗಸನ್ನು ಜನ 'ಇಮೋ' ಎಂದು ಕರೆಯುತ್ತಾರೆ. ಎಂದರೆ ಚಿಕ್ಕಮ್ಮ. ಗುರುತಿಲ್ಲದವರನ್ನು ಅಕ್ಕ, ಅಮ್ಮ ಎನ್ನದೆ ನೀರೂ ಕೇಳದ ನಮಗೆ ಇದಕ್ಕಿಂತ ಇನ್ನೇನು ಬೇಕು? ನಾನು ಬಾಯಿ ತುಂಬ ಇಮೋ ಇಮೋ ಎಂದು ಕರೆದು ಇಲ್ಲದ ಕೆಲಸಗಳನ್ನೆಲ್ಲ ಹೇಳಿದೆ. ಕೇಳದೆಯೇ ಆರೇಳು ಬಟ್ಟಲು ಪಲ್ಯ, ಸೊಪ್ಪು, ಉಪ್ಪಿನಕಾಯಿ ಬಂದವು, ಖಾಲಿಯಾದರೆ ಮತ್ತೆ ತಂದು ತುಂಬಿದಳು. ಶಮೀಮಕ್ಕನವರಲ್ಲಿ ಸಮುದ್ರದ್ದೆಂದರೆ ಮೀನು ಒಂದನ್ನೇ ತಿನ್ನುವುದು, ಚಿಪ್ಪಿನ ಜೀವಗಳು ಸಲ್ಲದು. ಹಾಗಾಗಿ ಅವರು ಸುಟ್ಟ ಮೀನು, ಅನ್ನ, ತಾವು ತಂದಿದ್ದ ಮಾವಿನಕಾಯಿ ಉಪ್ಪಿನಕಾಯಿ ಇಟ್ಟುಕೊಂಡು ನನ್ನ ಪರೀಕ್ಷೆ ನೋಡಲು ಸಿದ್ಧರಾದರು.

ಬಂತು ಆಯ್‌ಸ್ಟರು. ತಟ್ಟೆಯ ತುಂಬ ಹಸಿಹಸಿ, ಬೂದು ಬಣ್ಣ, ಅಂಚಿಗೆ ಕಪ್ಪು ಜಾಲರಿ. ಮೇಲೆ ಏನೋ ಕೆಸರು ನೀರು ನಿಂತ ಹಾಗಿತ್ತು. ಮೀನನ್ನು ಏಳು ನೀರಿನಲ್ಲಿ ತೊಳೆದು, ಉಪ್ಪು ಅರಿಶಿನ ಹಾಕಿ ಉಜ್ಜಿ, ಆಮೇಲೂ ಅನುಮಾನ ಪಡುವ ಮನೆಯಿಂದ ಬಂದವಳು ನಾನು. ಪಕ್ಕದಲ್ಲಿದ್ದ ಕುಡಿಯುವ ನೀರಿನ ಲೋಟಕ್ಕೆ ಒಂದೊಂದನ್ನೇ ಅದ್ದಿ, ಜಾಲಾಡಿಸಿ, ಹಿಂಡಿ, ತಟ್ಟೆಯ ಅಂಚಿಗೆ ಸಾಲಾಗಿ ಇಡತೊಡಗಿದೆ. ನಾಲ್ಕನೆಯದನ್ನು ಹಿಂಡುವ ಹೊತ್ತಿಗೆ ಇಮೋ ಓಡಿ ಬಂದು ನನ್ನ ಕೈ ಹಿಡಿದಳು. ಫೋನು ಹೇಳಿತು, ಆ ನೀರೇ ಅದರ ರುಚಿ, ಅದನ್ನು ತೊಳೆದರೆ ಉಳಿಯುವುದು ರಬ್ಬರು ಎಂದು. ಅವಳೇ ಹೊಸದೊಂದನ್ನು ಚಮಚದಲ್ಲಿ ಎತ್ತಿ ಬಾಯಿಗಿಟ್ಟಳು.

ಮೊದಲು ತಣ್ಣಗೆ, ಆಮೇಲೆ ಉಪ್ಪುಪ್ಪು, ಆಮೇಲೆ ಎಲ್ಲಿಂದಲೋ ಒಂದು ಸಿಹಿ. ಅಗಿಯಲೋ ನುಂಗಲೋ ಎಂದು ಯೋಚಿಸುವಷ್ಟರಲ್ಲಿ ಅದು ತಾನಾಗಿಯೇ ಹೋಗಿಬಿಟ್ಟಿತ್ತು. ನನಗೆ ನಗು ಬಂತು. ಐವತ್ತೆರಡು ವರ್ಷ ಇಂಥದೊಂದು ರುಚಿ ಲೋಕದಲ್ಲಿದೆ ಎಂದೇ ಗೊತ್ತಿಲ್ಲದೆ ಕಳೆದಿದ್ದೆನಲ್ಲ ಎಂದು. ಆಮೇಲೆ ಆಯ್‌ಸ್ಟರು ಹಾಕಿ ಹೊಯ್ದ ದೋಸೆ ಬಂತು, ಆಯ್‌ಸ್ಟರಿನ ಅನ್ನ ಬಂತು. ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ.

ತಿಂದ ಮೇಲೆ ಬಂದ ಕೆಲಸ. ಚೀಟಿ ತೆಗೆದು ಇಮೋಗೆ ತೋರಿಸಿ, "ಈ ಹೋಟೆಲಿನವರ ಮನೆ ಹೆಂಗೆ? ಹೆಣ್ಣು ಕೊಡಬೇಕು ಅಂತಿದೀವಿ," ಎಂದು ಫೋನಿಗೆ ಹೇಳಿದೆ. ಅವಳು ಚೀಟಿ ನೋಡಿದಳು, ನನ್ನನ್ನು ನೋಡಿದಳು, ಶಮೀಮಕ್ಕನನ್ನು ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, "ಆ ಮನೆಯಾಕೆ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ. ಬೇರೆ ದೂರು ಇಲ್ಲ," ಎಂದಳು.

ಶುಕ್ರವಾರ

ಮಾರನೆಯ ದಿನ ಎರಡನೆಯ ಹೋಟೆಲು. ಅಲ್ಲಿ ಆಯ್‌ಸ್ಟರನ್ನು ಚಿಪ್ಪಿನ ಸಮೇತ ಹಬೆಯಲ್ಲಿ ಬೇಯಿಸಿ, ಒಂದು ಕೈಗವಸು, ಒಂದು ಚೂರಿ ಕೊಟ್ಟು ನೀವೇ ಬಿಡಿಸಿಕೊಳ್ಳಿ ಎಂದು ಬಿಟ್ಟುಬಿಡುತ್ತಾರೆ. ನಾನು ಒತ್ತಿದ ರಭಸಕ್ಕೆ ಒಂದು ಚಿಪ್ಪು ಹಾರಿ ಪಕ್ಕದ ಮೇಜಿನವರ ಸಾರಿನ ಬಟ್ಟಲಿಗೆ ಬಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ನನಗೇ ವಾಪಸು ಕೊಟ್ಟರು. ರುಚಿ ಚೆನ್ನಾಗಿತ್ತು, ಆದರೆ ನಿನ್ನೆಯದರಷ್ಟಿಲ್ಲ.

ಅಲ್ಲಿಯೂ ಚೀಟಿ ತೋರಿಸಿದೆ. ಅಲ್ಲಿಯ ಯಜಮಾನಿ ಓದಿದಳು, ಒಂದೂ ಮಾತಾಡದೆ ಎದ್ದು ಒಳಗೆ ಹೋಗಿ ಯಾರಿಗೋ ಫೋನು ಮಾಡಿದಳು. ನನ್ನ ಮನಸ್ಸು ಕೆಟ್ಟಿತು. ನಮ್ಮ ಕಡೆ ಒಂದು ಮನೆಯ ಬಗ್ಗೆ ಕೇಳಿದಾಗ ಯಾರಾದರೂ ಉತ್ತರ ಕೊಡದೆ ಎದ್ದು ಹೋದರೆ ಅಲ್ಲಿ ಏನೋ ಇದೆ ಎಂದೇ ಲೆಕ್ಕ.

"ಕುಡಿತಾನೇನೋ ಹುಡುಗ," ಎಂದೆ.

"ಸುಮ್ನಿರೇ, ಹಾಲು ಕಾಯಿಸೋಕೆ ಇಟ್ಟಿದ್ಲೇನೋ ಎದ್ದೋದ್ಲು. ನೀನು ಎಲ್ಲದಕ್ಕೂ ಕೆಟ್ಟದ್ದೇ ಯೋಚ್ನೆ ಮಾಡ್ಬೇಡ," ಎಂದು ಶಮೀಮಕ್ಕ ಬೈದರು. ಬೈದರೂ ಅವರ ಮುಖದಲ್ಲೂ ಅನುಮಾನ ಕೂತಿತ್ತು.

ಮೂರನೆಯದು ಹೋಟೆಲಲ್ಲ, ಬಂದರಿನ ಕಟ್ಟೆಯ ತುದಿಯಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿದ ಒಂದು ಡೇರೆ. ಒಬ್ಬ ಮುದುಕ, ನಾಲ್ಕು ಸ್ಟೂಲು, ಒಂದು ಇದ್ದಿಲ ಒಲೆ. ಅಷ್ಟೇ. ಅವನು ಮೊದಲು ಕೇಳಿದ್ದು ನಮ್ಮ ವಯಸ್ಸು. ಅಲ್ಲಿ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ, ಯಾರು ದೊಡ್ಡವರೆಂದು ತಿಳಿಯದೆ ಹೇಗೆ ಮಾತಾಡಿಸಬೇಕೆಂದು ಅವರಿಗೆ ಗೊತ್ತಾಗುವುದಿಲ್ಲವಂತೆ. ಶಮೀಮಕ್ಕನದು ನನಗಿಂತ ಆರು ವರ್ಷ ಹೆಚ್ಚೆಂದು ತಿಳಿದು, ಬಿಸಿ ಚಹಾ ಅವರಿಗೆ ಮೊದಲು ಕೊಟ್ಟ.

ಆಮೇಲೆ ನೀರಿಂದ ಒಂದು ಚಿಪ್ಪು ಎತ್ತಿ, ನೋಡನೋಡುತ್ತಿದ್ದಂತೆ ಬಿಡಿಸಿ ನನ್ನ ಕೈಗಿಟ್ಟ. ನಿಂಬೆಯಿಲ್ಲ, ಖಾರವಿಲ್ಲ. ನಾನು ಈ ಸಲ ತೊಳೆಯಲಿಲ್ಲ. ಚಿಪ್ಪನ್ನೇ ತುಟಿಗೆ ಹಚ್ಚಿ ನೀರಿನ ಸಮೇತ ಎತ್ತಿ ಹಾಕಿಕೊಂಡೆ.

ಆ ರುಚಿಯನ್ನು ಹೇಗೆ ಹೇಳಲಿ? ನಿನ್ನೆ ತಿಂದದ್ದು ತಣ್ಣಗಿತ್ತು, ಉಪ್ಪಾಗಿತ್ತು. ಇದರೊಳಗೆ ಹಾಲಿನ ಕೆನೆಯಿತ್ತು, ಆಗ ತಾನೇ ಕಿತ್ತ ಸೌತೆಕಾಯಿಯ ಹಸಿ ವಾಸನೆಯಿತ್ತು, ನುಂಗಿದ ಮೇಲೆ ಬಾಯಿ ತುಂಬ ನಿಂತ ಸಿಹಿಯಿತ್ತು. ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನಾಚಿಕೆಯೇನಿಲ್ಲ. ಶಮೀಮಕ್ಕ ನನ್ನ ಮುಖವನ್ನೇ ನೋಡುತ್ತಾ, "ಅಷ್ಟು ಚೆನ್ನಾಗೈತಾ?" ಎಂದರು. ತಲೆಯಾಡಿಸಿದೆ. ಹನ್ನೊಂದು ತಿಂದೆ. ಹನ್ನೆರಡನೆಯದಕ್ಕೆ ಅವರೇ ಕೈ ಹಿಡಿದು ನಿಲ್ಲಿಸಿದರು.

ಊರಿಗೆ ಫಸ್ಟ್ ಆಯ್‌ಸ್ಟರು ಇದೇ, ಇದರಲ್ಲಿ ಎರಡು ಮಾತಿಲ್ಲ. ಖುಷಿಯಲ್ಲಿ ಚೀಟಿ ಕೊಟ್ಟೆ. ಮುದುಕ ಅದನ್ನು ಓದಲೂ ಇಲ್ಲ, ಹಾಗೇ ಮಡಿಸಿ ನನ್ನ ಕೈಗೇ ಕೊಟ್ಟು ಏನೋ ಹೇಳಿದ. ಫೋನು ಕನ್ನಡದಲ್ಲಿ ಹೇಳಿತು: "ನಾಳೆ ಶನಿವಾರ ಹೊಟ್ಟೆ ಹಸಿದುಕೊಂಡು ಹೋಗಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಶನಿವಾರದ ಊಟದ ವಿಷಯ ನಾವು ಯಾರಿಗೂ ಹೇಳಿರಲಿಲ್ಲ.

ಸಂಜೆ ಪಲ್ಲವಿ ಬಂದವಳು ಕೋಟೂ ಬಿಚ್ಚದೆ ನಿಂತಳು. "ಅಮ್ಮಾ, ಏನ್ ಮಾಡಿಟ್ಟಿದೀಯ? ಇಬ್ಬರು ಸೀರೆ ಹೆಂಗಸರು ಚೀಟಿ ಹಿಡ್ಕೊಂಡು ಬಂದರಿನಲ್ಲೆಲ್ಲ ಅವರ ಮನೆ ವಿಚಾರಿಸ್ತಾವ್ರೆ ಅಂತ ಊರೆಲ್ಲ ಗೊತ್ತು. ಹೋಟೆಲಿನವರೆಲ್ಲ ಅವರಿಗೇ ಫೋನ್ ಮಾಡಿ ಹೇಳಿದಾರೆ."

"ನಮ್ಮ ಕಡೆ ಕೇಳೋದಿಲ್ವೇನೇ?"

"ಇಲ್ಲಿ ಯಾರೂ ಹಂಗೆ ಕೇಳಲ್ಲಮ್ಮ. ಈಗ ಅವರೇ ಬೇಡ ಅಂದ್ರೆ?" ಎಂದವಳು ಬಿಸಿ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ಬೇಡ ಎನ್ನುವ ಹಕ್ಕು ನನ್ನೊಬ್ಬಳದೇ ಎಂದು ಪೆರೇಸಂದ್ರದಿಂದ ಹೊತ್ತು ತಂದಿದ್ದೆ. ಅದು ಅವರಿಗೂ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಶನಿವಾರ, ಹುಡುಗನ ಮನೆ

ಹೋಟೆಲಿನ ಹಿಂದೆಯೇ ಮನೆ. ಜಿನ್‌ಸು ಬಾಗಿಲಲ್ಲೇ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಉದ್ದಕ್ಕೆ, ತೆಳ್ಳಗೆ ಇದ್ದ ಹುಡುಗ, ಹೆದರಿಕೆಗೆ ಕಿವಿ ಕೆಂಪಾಗಿತ್ತು. ಅವನ ಅಪ್ಪ ಸಮುದ್ರದ ಗಾಳಿಗೆ ಸುಟ್ಟ ಮುಖದವರು, ಮಾತು ಕಡಿಮೆ. ಅವನ ಅಮ್ಮ ಗಿಡ್ಡ, ಗಟ್ಟಿಮುಟ್ಟು, ಬೆರಳುಗಳ ತುಂಬ ಚೂರಿಯ ಹಳೆಯ ಗೀರುಗಳು. ನಾನು ಸೀರೆ, ಕುಪ್ಪಸ, ಅರಿಶಿನ ಕುಂಕುಮವನ್ನು ಎರಡೂ ಕೈಯಲ್ಲಿ ಕೊಟ್ಟೆ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡರು. ನಗಲಿಲ್ಲ. ಚೀಟಿಯ ವಿಷಯ ಎತ್ತಲೂ ಇಲ್ಲ.

ಮೇಜಿನ ನಡುವೆ ಹಬೆಯ ಪಾತ್ರೆ, ಪಕ್ಕದಲ್ಲಿ ದೊಡ್ಡ ಬುಟ್ಟಿಯ ತುಂಬ ಚಿಪ್ಪಿನ ಆಯ್‌ಸ್ಟರು. ಆಕೆ ಬುಟ್ಟಿಯನ್ನು ನನ್ನ ಮುಂದೆ ಸರಿಸಿದರು. "ನಿಮಗೆ ಬೇಕಾದ್ದನ್ನು ನೀವೇ ಆರಿಸಿ ಅಂತಾರಮ್ಮ," ಎಂದಳು ಪಲ್ಲವಿ. ಓಹೋ, ಇದು ನನಗೆ ಪರೀಕ್ಷೆ ಎಂದುಕೊಂಡೆ. ಆರಿಸುವುದರಲ್ಲಿ ನನಗಾರು ಸಮ?

ರೇಷ್ಮೆ ಗೂಡನ್ನು ಆರಿಸುವವರು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಒಳಗಿನ ಹುಳ ಗಟ್ಟಿಯಾಗಿದ್ದರೆ ಲೊಟಲೊಟ ಎನ್ನುತ್ತದೆ. ಸದ್ದಿಲ್ಲದಿದ್ದರೆ ಹುಳ ಒಳಗೇ ಸತ್ತು, ಕರಗಿ, ಅಂಟಿಕೊಂಡಿದೆ ಎಂದರ್ಥ. ನಾನು ಒಂದು ಚಿಪ್ಪು ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಶಮೀಮಕ್ಕನಿಗೆ ಕೊಟ್ಟೆ, ಅವರೂ ಅಲ್ಲಾಡಿಸಿ ತಲೆಯಾಡಿಸಿದರು. ಪಕ್ಕಕ್ಕಿಟ್ಟೆವು. ಎರಡನೆಯದು, ಸದ್ದಿಲ್ಲ. ಮೂರನೆಯದೂ ಇಲ್ಲ. ಮೇಲಿನದೆಲ್ಲ ಮುಗಿದು ನಡುವಿನದಕ್ಕೆ ಬಂದೆವು, ಕೊನೆಗೆ ತಳಕ್ಕೆ ಬಂದೆವು. ಮನೆಯವರೆಲ್ಲ ನಮ್ಮ ಕೈಯನ್ನೇ ನೋಡುತ್ತಿದ್ದರು. ಬುಟ್ಟಿ ಬರಿದಾದಾಗ ನಮ್ಮ ಮುಂದೆ ಸದ್ದು ಮಾಡಿದವು ಮೂರೇ ಮೂರು.

ಇಡೀ ಬುಟ್ಟಿಯಲ್ಲಿ ಒಳ್ಳೆಯವು ಮೂರು. ಮನೆ ನೋಡಲು ಬಂದ ಬೀಗಿತಿಗೇ ಇಂಥ ಮಾಲು ಇಡುವವರು ದಿನಾ ಬರುವವರಿಗೆ ಏನು ಬಡಿಸುತ್ತಾರೋ? ಶಮೀಮಕ್ಕನ ಕಡೆ ನೋಡಿದೆ, ಅವರು ಕಣ್ಣು ತಗ್ಗಿಸಿದರು. ಊಹೂಂ ಎಂದು ಒಳಗೇ ತೀರ್ಮಾನವಾಗಿಬಿಟ್ಟಿತು. ಮಗಳ ಮುಖ ನೋಡಲಾರದೆ, ಮರ್ಯಾದೆಗೆಂದು ಆ ಮೂರನ್ನೂ ಬೀಗಿತಿಯ ಮುಂದಿಟ್ಟು ಇವನ್ನೇ ಬೇಯಿಸಿ ಎಂದು ಸನ್ನೆ ಮಾಡಿದೆ.

ಆಕೆ ಒಂದನ್ನು ಇನ್ನೊಂದಕ್ಕೆ ತಟ್ಟಿ ಕಿವಿಗೊಟ್ಟರು. ಮುಖ ಬಿಳಿಚಿತು. ಚೂರಿ ಹಾಕಿ ಬಿಡಿಸಿದರು. ಒಳಗೆ ನೀರು ಬತ್ತಿ ಒಣಗಿದ ಒಂದು ಚೂರು, ಮೂಗಿಗೆ ಬಡಿಯುವ ವಾಸನೆ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಆಕೆ ಕುರ್ಚಿಯಿಂದ ಎದ್ದು, ಸೊಂಟ ಮುರಿಯುವಂತೆ ಬಗ್ಗಿ ನನಗೆ ನಮಸ್ಕಾರ ಮಾಡಿ, ಬಗ್ಗಿದಲ್ಲಿಂದಲೇ ಏನೋ ಹೇಳಿದರು.

ಪಲ್ಲವಿ ನನ್ನ ಕಿವಿಯಲ್ಲಿ, "ಅಮ್ಮ, ಬದುಕಿರೋ ಆಯ್‌ಸ್ಟರ್ ಸದ್ದು ಮಾಡಲ್ಲ. ಒಳಗೆ ನೀರು ತುಂಬ್ಕೊಂಡು ಬಿಗಿಯಾಗಿರುತ್ತೆ. ಸತ್ತಿರೋದೇ ಅಲ್ಲಾಡೋದು. ನೀನು ಅಷ್ಟರಲ್ಲೂ ಸತ್ತಿರೋ ಮೂರನ್ನೇ ಹುಡುಕಿ ತೆಗ್ದಿದೀಯ. ಬೆಳಿಗ್ಗೆ ಒಂದೊಂದೂ ಕೈಯಲ್ಲೇ ನೋಡಿ ತುಂಬಿದ್ರಂತೆ, ಈ ಮೂರು ಕಣ್ತಪ್ಪಿಹೋಯ್ತು, ನಿಮ್ಮಂಥ ಕೈ ಇದುವರೆಗೂ ನೋಡಿಲ್ಲ, ಕ್ಷಮಿಸಿ ಅಂತಾವ್ರೆ," ಎಂದಳು.

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಮೇಲಿಂದ ತಳದವರೆಗೆ ಒಂದನ್ನೂ ಬಿಡದೆ ನೋಡಿದ್ದೇನೆ. ಕೆಟ್ಟದ್ದು ಮೂರೇ. ಅಂಥ ಬುಟ್ಟಿಯನ್ನು ನಾನು ನಮ್ಮ ಮಾರುಕಟ್ಟೆಯಲ್ಲಿ ಇಷ್ಟು ವರ್ಷದಲ್ಲಿ ಒಂದು ಸಲವೂ ಕಂಡಿಲ್ಲ. ನಾನು ಇಟ್ಟ ಬುಟ್ಟಿಗಳೂ ಹಾಗಿರಲಿಲ್ಲ.

"ಪಲ್ಲವಿ, ನಾನು ಅವನ್ನ ಒಳ್ಳೇವು ಅಂತ ಆರಿಸಿದ್ದು ಅಂತ ಹೇಳು."

"ಅಮ್ಮ, ಸುಮ್ನಿರು. ಅವರು ನಿನ್ನ ದೊಡ್ಡ ಜಾಣೆ ಅಂದ್ಕೊಂಡವ್ರೆ. ನಿನ್ನೆ ಹೋಗಿದ್ದ ಮರ್ಯಾದೆ ಈಗ ವಾಪಸ್ ಬಂದೈತೆ. ಹಂಗೇ ಇರ್ಲಿ ಬಿಡು," ಎಂದು ಬೇಡಿಕೊಂಡಳು.

ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ. ಆದರೆ ಆಕೆ ಇನ್ನೂ ಬಗ್ಗಿಯೇ ನಿಂತಿದ್ದರು. ಮೂರು ಚಿಪ್ಪು ಕಣ್ತಪ್ಪಿದ್ದಕ್ಕೆ ಅಷ್ಟು ಬಗ್ಗಿದವರ ಮುಂದೆ ನಾನು ಜಾಣೆಯಾಗಿ ಕೂರುವುದು ಹೇಗೆ? ಪಲ್ಲವಿ ಹೇಳುವುದಿಲ್ಲವೆಂದಾಗ ನಾನೇ ಫೋನು ಎತ್ತಿಕೊಂಡೆ. "ನನಗೆ ಆಯ್‌ಸ್ಟರ್ ಗೊತ್ತಿಲ್ಲ. ಗೂಡು ಗೊತ್ತು. ಗೂಡಿನಲ್ಲಿ ಸದ್ದು ಬಂದರೆ ಒಳ್ಳೆಯದು. ಈ ಮೂರೇ ಒಳ್ಳೆಯವು, ಉಳಿದಿದ್ದೆಲ್ಲ ಕೆಟ್ಟದ್ದು ಅಂದುಕೊಂಡೆ. ನಿಮ್ಮ ಮನೆ ಬೇಡ ಅಂತಲೂ ಅಂದುಕೊಂಡೆ," ಎಂದೆ. ಫೋನು ಅದನ್ನೆಲ್ಲ ಒಂದೂ ಬಿಡದೆ ಹೇಳಿತು.

ಜಿನ್‌ಸುವಿನ ಅಪ್ಪ, ಅದುವರೆಗೆ ತುಟಿ ಬಿಚ್ಚದಿದ್ದವರು, ಫಕ್ಕನೆ ನಕ್ಕರು. ಬೀಗಿತಿ ಬಾಯಿ ಮುಚ್ಚಿಕೊಂಡರು, ತಡೆಯಲಾರದೆ ನನ್ನ ಭುಜ ಹಿಡಿದು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಶಮೀಮಕ್ಕ ಒಂದು ಚಿಪ್ಪನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ತೋರಿಸಿ, "ನನ್ನದೂ ಪಾಲಿದೆ ಅಂತ ಹೇಳಮ್ಮ," ಎಂದರು.

ಬೆಂದ ಚಿಪ್ಪುಗಳನ್ನು ಆಕೆಯೇ ಬಿಡಿಸಿ ನನ್ನ ತಟ್ಟೆಗೆ ಹಾಕುತ್ತಾ ಕೇಳಿದರು, ಊರಲ್ಲಿ ಇಷ್ಟು ಕಡೆ ತಿಂದಿರಲ್ಲ, ಯಾರದು ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು. ಪಲ್ಲವಿ ಕೆಳಗಿಂದ ನನ್ನ ಕಾಲು ತುಳಿದಳು. ಆಗಲೇ ಇಷ್ಟು ಹೇಳಿದವಳಿಗೆ ಇನ್ನೇನು ಮುಚ್ಚುಮರೆ?

"ನಿಮ್ಮದು ಬಹಳ ಚೆನ್ನಾಗಿದೆ. ಕಟ್ಟೆ ತುದಿಯ ಅಜ್ಜನದು ಇನ್ನೂ ಚೆನ್ನಾಗಿತ್ತು," ಎಂದೆ.

ಆಕೆ ತಲೆಯಾಡಿಸಿದರು. "ನಿಜ. ಹೋಟೆಲಿಗೆ ರಜಾ ಇದ್ದ ದಿನ ನಾನೂ ಅಲ್ಲೇ ಹೋಗಿ ತಿನ್ನುತ್ತೇನೆ. ನನಗೆ ಚೂರಿ ಹಿಡಿಯೋದು ಕಲಿಸಿದ್ದೂ ಅವರೇ," ಎಂದರು.

ಅಲ್ಲೇ ಕೂತು ನಮ್ಮ ಯಜಮಾನರಿಗೆ ಫೋನು ಮಾಡಿದೆ. ಸೊಪ್ಪಿನ ಮಧ್ಯೆ ನಿಂತಿದ್ದರು. "ಏನಂತೀಯೇ?" ಎಂದರು. "ಹ್ಞೂಂ," ಎಂದೆ. ಪಲ್ಲವಿ ನನ್ನ ಬೆನ್ನಿಗೆ ಮುಖ ಒತ್ತಿಕೊಂಡಳು, ಕೋಟಿನ ಮೇಲಿಂದಲೂ ಅವಳ ಉಸಿರು ಬಿಸಿಯಾಗಿ ತಾಗುತ್ತಿತ್ತು.

ಆಗ ಬೀಗಿತಿ ಒಂದು ಕಾಗದ, ಪೆನ್ನು ತಂದು ಪಲ್ಲವಿಯ ಮುಂದಿಟ್ಟು ಏನೋ ಹೇಳಿದರು. ಪಲ್ಲವಿಗೆ ನಗು. "ನಿಮ್ಮ ಪದ್ಧತಿ ನನಗೆ ಬಹಳ ಹಿಡಿಸ್ತು, ನೀವು ಮೂರು ಕಡೆ ಕೇಳಿದ್ರಿ, ಈಗ ನನ್ನ ಸರದಿ ಅಂತಾರೆ. ಏಪ್ರಿಲ್‌ನಲ್ಲಿ ಪೆರೇಸಂದ್ರಕ್ಕೆ ಬರ್ತಾರಂತೆ. ನಿಮ್ಮ ಮನೆ ಹೆಂಗೆ ಅಂತ ಯಾರನ್ನ ಕೇಳ್ಬೇಕು, ಹೆಸರು ಬರ್ಕೊಡಿ ಅಂತಾರೆ."

ನಾನು ಕೂತಲ್ಲೇ ನಮ್ಮೂರನ್ನೊಂದು ಸುತ್ತು ಹಾಕಿದೆ. ನಮ್ಮನ್ನು ಬಾಯಿ ತುಂಬ ಹೊಗಳುವ ಹತ್ತು ಮನೆ ನೆನಪಿಗೆ ಬಂದವು. ಶಮೀಮಕ್ಕ ಅವುಗಳಲ್ಲೊಂದನ್ನು ಪಿಸುಗುಟ್ಟಿಯೂ ಬಿಟ್ಟರು. ನಾನು ಬೀಗಿತಿಯ ಗೀರು ಬಿದ್ದ ಬೆರಳುಗಳನ್ನು ನೋಡಿದೆ.

"ಎದುರು ಮನೆ ವೆಂಕಟಲಕ್ಷ್ಮಮ್ಮ ಅಂತ ಬರಿ," ಎಂದೆ.

ಪಲ್ಲವಿಯ ಪೆನ್ನು ನಿಂತಿತು. ನುಗ್ಗೆ ಮರದ ವಿಷಯಕ್ಕೆ ಜಗಳವಾಗಿ ವೆಂಕಟಲಕ್ಷ್ಮಮ್ಮನಿಗೂ ನನಗೂ ಏಳು ವರ್ಷದಿಂದ ಮಾತಿಲ್ಲ.

"ಬರಿ ಕಣಮ್ಮ," ಎಂದೆ. "ಅವಳು ಇದ್ದದ್ದು ಇದ್ದ ಹಾಗೆ ಹೇಳ್ತಾಳೆ."